ಅಲುಗಾಡಿಸಬಾರದ ಕೈ

ಡಾಕ್ಟರು ಆ ಶಬ್ದ ಆಡಿದ ಕೂಡಲೆ ಪ್ರಮೋದ ಹೆಂಡತಿಯ ಕೈಯಿಂದ ಕಣ್ಣೆತ್ತಿ ಅವರ ಮುಖ ನೋಡಿದ.

"ಗ್ರಾಫ್ಟ್ ಹಾಕಬೇಕಾಗ್ತದ ನೋಡ್ರಿ," ಅಂದಿದ್ದರು ಅವರು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತನುಜಾಳ ಬಲಗೈಯ ಬಟ್ಟೆ ಬಿಚ್ಚಿ, ಕನ್ನಡಕ ಮೇಲೆ ಸರಿಸಿ. "ತೊಡಿ ಮ್ಯಾಲಿಂದ ತೆಳ್ಳಗ ಚರ್ಮ ತಗದು ಇಲ್ಲಿ ಹಚ್ಚೋದು. ಸುಟ್ಟಿದ್ದು ಆಳ ಐತಿ. ತಾನಾಗೇ ಮಾಯೂದಲ್ಲ ಇದು."

ಬೇರೆಯವರಾಗಿದ್ದರೆ ಆ ಶಬ್ದ ಆಸ್ಪತ್ರೆಯ ನೂರು ಇಂಗ್ಲಿಷ್ ಶಬ್ದಗಳ ಜೊತೆ ಸೇರಿ ಒಂದು ಕಿವಿಯಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಪ್ರಮೋದನಿಗೆ ಹಾಗಲ್ಲ. ಅವನ ಮನೆಯ ಅನ್ನ ಬೇಯುವುದೇ ಆ ಶಬ್ದದಿಂದ. ಸಿದ್ದಾಪುರದಿಂದ ತ್ಯಾಗಲಿ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ, ಹಸಿರು ನೆರಳುಬಲೆ ಹೊದೆಸಿದ ಚಪ್ಪರದ ಮುಂದೆ, 'ಅಪ್ಪೆಮಿಡಿ ಗ್ರಾಫ್ಟ್ ಗಿಡಗಳು ದೊರೆಯುತ್ತವೆ' ಎಂದು ಬೋರ್ಡು ಬರೆಸಿ ಹಾಕಿಕೊಂಡವನು ಅವನು. ಉಪ್ಪಿನಕಾಯಿಗೆ ಹಾಕುವ ಪರಿಮಳದ ಈ ಮಾವಿನ ಮಿಡಿ, ಬೀಜ ಬಿತ್ತಿದರೆ ತಾಯಿ ಮರದ ಹಾಗೆ ಬರುವುದಿಲ್ಲ. ಹಾಗಾಗಿ ಹಳ್ಳದ ದಂಡೆಯ ಒಳ್ಳೆಯ ಮರ ಹುಡುಕಿ, ಅದರ ಕಡ್ಡಿ ಕೊಯ್ದು ತಂದು, ಬುಡವನ್ನು ಬೆಣೆಯ ಹಾಗೆ ಕೆತ್ತಿ, ಕಾಡುಮಾವಿನ ಸಣ್ಣ ಸಸಿಯನ್ನು ಸೀಳಿ ಅದರೊಳಗೆ ಕೂರಿಸಬೇಕು. ಕೆತ್ತುವುದು ಪ್ರಮೋದ. ಕೂರಿಸಿದ ಜಾಗಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುವುದು ತನುಜಾ. ಮದುವೆಯಾದ ಮೊದಲ ಮಳೆಗಾಲದಿಂದಲೂ ಹಾಗೇ.

ಕಟ್ಟಿದ್ದೆಲ್ಲ ಹಿಡಿಯುವುದಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು. ಅದೇ ತೊಂದರೆ. ಒಳಗೆ ಒಂದು ಹನಿ ನೀರು ಇಳಿದರೆ ಕಪ್ಪಾಗುತ್ತದೆ. ಬಿಸಿಲು ಜಾಸ್ತಿಯಾದರೆ ಒಣಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅಲ್ಲಾಡುವುದು. ಹೋದ ವರ್ಷ ಬೆಕ್ಕೊಂದು ಚಪ್ಪರದೊಳಗೆ ಮರಿ ಹಾಕಿ, ಗಿಡಗಳ ಸಂದಿಯಲ್ಲಿ ಮೈ ತಿಕ್ಕುತ್ತ ಓಡಾಡಿ, ಒಂದು ಸಾಲು ಪೂರ್ತಿ ಹೋಗಿತ್ತು. ಮೇಲಿಂದ ನೋಡಿದರೆ ಎಲ್ಲ ನೆಟ್ಟಗೆ ನಿಂತಿದ್ದವು. ಪಟ್ಟಿ ಬಿಚ್ಚಿದಾಗ ಕಡ್ಡಿ ಕೈಗೇ ಬಂತು.

"ಹಿಡೀದಿದ್ರೆ ಸರ್?" ಎಂದು ಕೇಳಿದ.

"ಹಿಡೀತದ. ನೂರಕ್ಕ ತೊಂಬತ್ತು ಹಿಡೀತದ."

ಗಿರಾಕಿಗಳಿಗೆ ಪ್ರಮೋದ ಹೇಳುವುದೂ ಇದೇ ಲೆಕ್ಕ.

ತನುಜಾ ಪಕ್ಕದಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಪಕ್ಕದ ಮನೆಯವರ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವ ಹೊತ್ತಿಗೆ ಯಾರದೋ ಕಾಲು ಜಾರಿ, ಕುದಿಯುವ ಜೋನಿ ಬೆಲ್ಲ ಅವಳ ಬಲಗೈಯ ಹಿಂಬದಿಗೆ ಬಿದ್ದಿತ್ತು. ನೀರಾದರೆ ಹರಿದು ಹೋಗುತ್ತದೆ. ಬೆಲ್ಲ ಅಂಟಿಕೊಂಡು ಕೂತು ಸುಡುತ್ತದೆ. ಸಿದ್ದಾಪುರದಲ್ಲಿ ಕೆಲವು ದಿನ, ಸಿರ್ಸಿಯಲ್ಲಿ ಕೆಲವು ದಿನ ಆಗಿ, ಗಾಯ ಮುಚ್ಚಿಕೊಳ್ಳುವ ಲಕ್ಷಣ ಕಾಣದೆ ಇಲ್ಲಿಗೆ ಬಂದಿದ್ದರು.

ಆಪರೇಶನ್ನಿನ ದಿನ ಜೊತೆಗೆ ಬಂದವಳು ನೇತ್ರಾ, ತನುಜಾಳ ತಂಗಿ. ಸಿರ್ಸಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಧಾರವಾಡದಲ್ಲಿ ಎಂ.ಎ. ಮಾಡುವಾಗ ಸಂಜೆ ಹೊತ್ತು ಫ್ರೆಂಚ್ ಕಲಿತಿದ್ದಳು. "ಯಲ್ಲಾಪುರದ ಹುಡುಗಿಗೆ ಫ್ರೆಂಚ್ ಯಾಕೆ, ಜೇನು ಮಾರಲಿಕ್ಕಾ?" ಎಂದು ಪ್ರಮೋದ ಆಗ ಛೇಡಿಸಿದ್ದ. ಈಗ ತನುಜಾಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಿದ್ದರು. ಹೊರಗಿನ ಬೆಂಚಿನ ಮೇಲೆ ಇವರಿಬ್ಬರೇ.

"ಭಾವ, ಕಾಲು ಕುಣಿಸೋದು ನಿಲ್ಲಿಸಿ. ಬೆಂಚು ಪೂರ ನಡುಗ್ತಾ ಇದೆ."

"ನಿನಗೆಂತ ಗೊತ್ತು ಮಾರಾಯ್ತಿ. ಗ್ರಾಫ್ಟು ಅಂದ್ರೆ ಎಂತ ಅಂತ ನನಗೆ ಗೊತ್ತು."

"ನನಗೂ ಗೊತ್ತು. ಗ್ರಾಫ್ಟು ಅಂದ್ರೆ ಪೆನ್ನು."

ಪ್ರಮೋದ ಅವಳ ಮುಖ ನೋಡಿದ. ತಮಾಷೆ ಮಾಡುವ ಹೊತ್ತಾ ಇದು ಎನ್ನುವ ಹಾಗೆ.

"ಸುಳ್ಳಲ್ಲ ಭಾವ. ಹಿಂದೆ ನಮ್ಮಲ್ಲಿ ತಾಳೆಗರಿ ಮೇಲೆ ಬರೀತಿದ್ರಲ್ಲ, ಚೂಪು ಕಬ್ಬಿಣದ ಕಡ್ಡಿಯಲ್ಲಿ, ಕಂಟ ಅಂತಿದ್ರು. ಗ್ರೀಕರ ಹತ್ತಿರವೂ ಅಂಥದ್ದೇ ಒಂದಿತ್ತು, ಗ್ರಾಫಿಯಾನ್ ಅಂತ. ಬರೆಯುವ ಕಡ್ಡಿ. ಅದು ಲ್ಯಾಟಿನ್ನಿಗೆ ಹೋಯ್ತು, ಅಲ್ಲಿಂದ ಫ್ರೆಂಚಿಗೆ. ಅಲ್ಲಿಯ ತೋಟದವರು ನಿಮ್ಮ ಹಾಗೇ ಕಡ್ಡಿ ಕೆತ್ತುತ್ತಿದ್ರಲ್ಲ, ಕೆತ್ತಿದ ಮೂತಿ ನೋಡಿದ್ರೆ ಥೇಟು ಬರೆಯುವ ಕಂಟವೇ. ಹಾಗಾಗಿ ಕಸಿ ಕಡ್ಡಿಗೂ ಅದೇ ಹೆಸರು ಬಿತ್ತು, ಗ್ರೆಫ್ ಅಂತ. ಇಂಗ್ಲಿಷಿನವರು ಅಲ್ಲಿಂದ ತಗೊಂಡು ಗ್ರಾಫ್ಟ್ ಮಾಡಿಕೊಂಡ್ರು."

ಪ್ರಮೋದ ತನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ, ಅವುಗಳ ನಡುವೆ ಒಂದು ಕಡ್ಡಿ ಇದ್ದ ಹಾಗೆ ತಿರುಗಿಸಿ ನೋಡಿದ. ಹೌದು. ಎರಡು ಕಡೆಯಿಂದ ಕೆತ್ತಿದ ಮೇಲೆ ಕಡ್ಡಿಯ ತುದಿ ಹಾಗೇ ಕಾಣುತ್ತದೆ. ಇಷ್ಟು ವರ್ಷ ಸಾವಿರಾರು ಕೆತ್ತಿದ್ದಾನೆ, ಹೊಳೆದಿರಲಿಲ್ಲ.

"ಮತ್ತೆ ಚರ್ಮಕ್ಕೆ ಯಾಕೆ ಆ ಹೆಸರು?"

"ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಿಡಿಸೋದಲ್ವಾ. ಆಮೇಲೆ ಬಂದ ಡಾಕ್ಟರುಗಳು ತೋಟದವರಿಂದ ತಗೊಂಡ್ರು. ಫ್ರೆಂಚಲ್ಲಿ ಇವತ್ತಿಗೂ ಮಾವಿನ ಕಸಿಗೂ ಚರ್ಮಕ್ಕೂ ಕಿಡ್ನಿ ಹಾಕೋದಕ್ಕೂ ಒಂದೇ ಶಬ್ದ. ನಮ್ಮಲ್ಲಿ ಮಾತ್ರ ಬೇರೆಯಾ? ಚರ್ಮದ ಕಸಿ ಅಂತಲೇ ಪೇಪರಿನಲ್ಲಿ ಬರೀತಾರಲ್ಲ."

"ಅಂದ್ರೆ ಎರಡೂ ಒಂದೇ."

"ಒಂದೇ," ಎಂದು ಅವಳು ಫೋನು ತೆಗೆದು ಯಲ್ಲಾಪುರದ ತವರಿಗೆ ಮೆಸೇಜು ಹಾಕತೊಡಗಿದಳು.

ಪ್ರಮೋದನ ಕಾಲು ಕುಣಿಯುವುದು ನಿಂತಿತು. ಒಳಗೆ ನಡೆಯುತ್ತಿರುವುದು ತನಗೆ ಗೊತ್ತಿಲ್ಲದ ಯಾವುದೋ ಮಾಟವಲ್ಲ, ತನ್ನದೇ ಕೆಲಸ. ಬುಡ ಅವಳದೇ, ಕಡ್ಡಿಯೂ ಅವಳದೇ. ಕೆತ್ತುವವರು ಕೆತ್ತಲಿ. ಆಮೇಲೆ ಕಾಪಾಡುವುದು ಹೇಗೆಂದು ತನಗೆ ಗೊತ್ತು. ಹೆದರಿಕೆ ಹೋಗಲಿಲ್ಲ, ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತು.

ಪಟ್ಟಿ ಬಿಚ್ಚುವ ದಿನ ನೇತ್ರಾಳಿಗೆ ರಜೆ ಸಿಗಲಿಲ್ಲ. ಡಾಕ್ಟರು ಹತ್ತಿ ಒದ್ದೆ ಮಾಡಿ ಒಂದೊಂದೇ ಪದರ ಎಬ್ಬಿಸಿದರು. ತನುಜಾ ಒಮ್ಮೆ ನೋಡಿದವಳು ಕಣ್ಣಿಗೆ ಕತ್ತಲೆ ಕವಿದು ತಲೆ ಹಿಂದಕ್ಕೆ ಚೆಲ್ಲಿದಳು. ನರ್ಸು ಅವಳಿಗೆ ನೀರು ಕುಡಿಸುತ್ತಿದ್ದಳು. ಪ್ರಮೋದ ಮಾತ್ರ ಬಗ್ಗಿ ನೋಡಿದ. ತೆಳು ಗುಲಾಬಿ ಬಣ್ಣ. ಅಂಚು ಕೂತಿತ್ತು. ಹಿಡಿದಿದೆ! ಆದರೆ ಕಿರುಬೆರಳಿನ ಬುಡದ ಗಂಟಿನ ಮೇಲೆ ತೊಗರಿಬೇಳೆಯಷ್ಟು ಜಾಗ ಕಪ್ಪಗಿತ್ತು.

"ಸರ್, ಇಲ್ಲಿ ಕಪ್ಪು..."

"ಅದು ಅಷ್ಟ ಉದುರಿ ಹೋಗ್ತದ, ಚಿಂತಿ ಮಾಡಬ್ಯಾಡ್ರಿ. ನಾಳಿಂದ ಬೆರಳು ಆಡಿಸಲಿಕ್ಕ ಶುರು ಮಾಡ್ರಿ. ಮುಷ್ಟಿ ಕಟ್ಟೋದು, ಬಿಡೋದು. ಕೈ ಅಲುಗದ್ಹಂಗ ಕಟ್ಟೋ ಈ ಹಲಗಿ ರಾತ್ರಿ ಮಾತ್ರ. ಸಿರ್ಸಿಯೊಳಗ ಫಿಜಿಯೋಥೆರಪಿ ಅದ, ವಾರಕ್ಕ ಎರಡ ಸಲ ಹೋಗ್ರಿ, ಏನು?"

ಪ್ರಮೋದ ತಲೆ ಆಡಿಸಿದ. ಅವನ ಕಣ್ಣು ಆ ಕಪ್ಪು ಚುಕ್ಕೆಯ ಮೇಲೇ ಇತ್ತು. ಗಿಡದಲ್ಲಿ ಕಪ್ಪು ಎಂದೂ ಒಂದು ಚುಕ್ಕೆಗೆ ನಿಂತದ್ದನ್ನು ಅವನು ಕಂಡಿರಲಿಲ್ಲ.

ವಾಪಸು ಬರುವಾಗ ಯಲ್ಲಾಪುರದ ಮೇಲಿನ ಬಸ್ಸು. ಕಿರವತ್ತಿಯಲ್ಲಿ ಢಾಬಾದ ಮುಂದೆ ಚಹಾಕ್ಕೆ ನಿಲ್ಲಿಸಿದರು. ಲಾರಿಗಳ ಹೊಗೆ, ಹುರಿದ ಮೆಣಸಿನಕಾಯಿಯ ಘಾಟು. ತನುಜಾ ಬಹಳ ದಿನದ ಮೇಲೆ ನಗುಮುಖದಲ್ಲಿದ್ದಳು. ಹಲಗೆ ತೆಗೆದು ಚೀಲದಲ್ಲಿಟ್ಟಿದ್ದರಿಂದ ಬಲಗೈ ಹಗುರವೆನಿಸಿ, ಸ್ಟೀಲ್ ಲೋಟವನ್ನು ಅದರಲ್ಲೇ ಹಿಡಿಯಲು ಹೋದಳು.

"ಏ, ಏ!" ಪ್ರಮೋದ ಕೂಗಿದ ರಭಸಕ್ಕೆ ಆಚೆ ಮೇಜಿನವನು ಚಪಾತಿ ಕೈಯಲ್ಲಿ ಹಿಡಿದುಕೊಂಡೇ ತಿರುಗಿ ನೋಡಿದ.

"ಎಂತಾಯ್ತು?"

"ಅಲ್ಲಾಡಿಸಬೇಡ ಸದ್ಯ."

"ಆಡಿಸಿ ಅಂದ್ರಲ್ಲ ಡಾಕ್ಟ್ರು? ನನಗೆ ತಲೆ ತಿರುಗ್ತಿದ್ರೂ ಅಷ್ಟು ಕೇಳಿಸ್ತು."

"ಅದು ಅವರು ಎಲ್ಲರಿಗೂ ಹೇಳೋ ಮಾತು. ನಾವು ಗಿಡ ಕೊಡುವಾಗ ದಿನಾ ನೀರು ಹಾಕಿ ಅಂತ ಹೇಳೋದಿಲ್ವಾ? ಗೊತ್ತಿದ್ದವರು ಮಳೆಗಾಲದಲ್ಲಿ ಹಾಕ್ತಾರಾ? ಹಾಕಿದ್ರೆ ಕೊಳೆತೇ ಹೋಗ್ತದೆ. ಈಗಷ್ಟೇ ಹಿಡಿದಿದೆ ತನುಜಾ. ಒಂದು ಕಡೆ ಕಪ್ಪಾಗಿದೆ. ನೀನೇ ಎಷ್ಟು ಕಟ್ಟಿದ್ದೆ, ನಿನಗೆ ಹೇಳಬೇಕಾ?"

ತನುಜಾ ಕೈ ಮಡಿಲಿಗೆ ಎಳೆದುಕೊಂಡಳು. ಅವಳಿಗೂ ಬೆರಳು ಬಗ್ಗಿಸಿದರೆ ಚರ್ಮ ಹರಿದು ಬರುವ ಹಾಗೆ ನೋಯುತ್ತಿತ್ತು. ನೋವಿಲ್ಲದೆ ಇರಲು ಗಂಡನೇ ಕಾರಣ ಹುಡುಕಿಕೊಟ್ಟರೆ ಬೇಡ ಅನ್ನುವವರು ಯಾರು? ಬಸ್ಸು ಹೊರಡುವ ಮೊದಲು ಪ್ರಮೋದ ಚೀಲದಿಂದ ಹಲಗೆ ತೆಗೆದು ಮತ್ತೆ ಕಟ್ಟಿದ. ಎಡಗೈಯಲ್ಲಿ ಅವಳು ಚಹಾ ಕುಡಿದಳು.

ಆಮೇಲಿನ ದಿನಗಳಲ್ಲಿ ಪ್ರಮೋದ ಹೆಂಡತಿಯ ಕೈಯನ್ನು ನೋಡಿಕೊಂಡದ್ದನ್ನು ಕಂಡು ಊರೇ ಹೊಗಳಿತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅವಳ ಕೈ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕಪ್ಪು ದೊಡ್ಡದಾಯಿತೇ? ಅಂಚು ಎದ್ದಿತೇ? ಎಣ್ಣೆ ಹಚ್ಚಿ ಮತ್ತೆ ಹಲಗೆ ಕಟ್ಟುತ್ತಿದ್ದ, ಹಗಲಿಗೂ ರಾತ್ರಿಗೂ. ಪಾತ್ರೆ ತೊಳೆದ. ಅವಳ ಜಡೆ ಹಾಕಲು ಹೋಗಿ ಹಗ್ಗ ಹೊಸೆದ ಹಾಗೆ ಹೊಸೆದ. ಸಿರ್ಸಿಗೆ ಹೋಗುವ ಮಾತು ಬಂದಾಗೆಲ್ಲ, "ಬಸ್ಸಿನ ಕುಲುಕಾಟಕ್ಕೆ ಬೇಡ, ಇನ್ನೊಂದು ವಾರ ಹೋಗಲಿ" ಅನ್ನುತ್ತಿದ್ದ.

ಅವನ ತಾಯಿ ಚೌಡಮ್ಮ ಬಾಗಿಲಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ನೋಡುತ್ತಿದ್ದಳು. "ಅವಳನ್ನೂ ಒಂದು ಕೊಟ್ಟೆಯಲ್ಲಿ ಮಣ್ಣು ತುಂಬಿ ನೆಟ್ಟು ಚಪ್ಪರದೊಳಗೆ ಇಡು ಮಾರಾಯ. ಕಸಿ ಕಡ್ಡಿಗೆ ಹಾಕೋ ಹಾಗೆ ತಲೆಗೆ ಪ್ಲಾಸ್ಟಿಕ್ ಟೊಪ್ಪಿ ಹಾಕು. ಮಳೆಗಾಲಕ್ಕೆ ಚಿಗುರ್ತಾಳೆ."

"ಸುಮ್ನಿರು ಅಬ್ಬೆ. ನಿನಗೆ ಎಲ್ಲ ತಮಾಷೆ."

"ತಮಾಷೆ ಅಲ್ಲ. ನನ್ನ ಕೈ ಒಂದು ದಿನ ಕಟ್ಟಿ ಇಟ್ಟಿದ್ರೆ ನೀನು ಬದುಕ್ತಿದ್ಯಾ ಅಂತ ಯೋಚನೆ ಮಾಡ್ದೆ."

ಪ್ರಮೋದ ಕಿವಿಗೆ ಹಾಕಿಕೊಳ್ಳಲಿಲ್ಲ. ಕಪ್ಪು ಚುಕ್ಕೆ ಒಣಗಿ ಉದುರಿ ಅದರ ಕೆಳಗೆ ಹೊಸ ಚರ್ಮ ಕಂಡ ದಿನ ಅವನು ತುಳಸಿ ಕಟ್ಟೆಗೆ ಕೈ ಮುಗಿದಿದ್ದ. ಗೆದ್ದೆ ಅನಿಸಿತ್ತು.

ಮೇ ತಿಂಗಳ ಕೊನೆಯಲ್ಲಿ, ಕಾಲೇಜಿನ ಪರೀಕ್ಷೆಗಳು ಮುಗಿದ ಮೇಲೆ, ನೇತ್ರಾ ಬಂದಳು. ಅಕ್ಕನಿಗೆ ಸಿರ್ಸಿಯಿಂದ ಹಸಿರು ಗಾಜಿನ ಬಳೆ ತಂದಿದ್ದಳು. ಊಟ ಮುಗಿಸಿ ಇಬ್ಬರೂ ನಡುಮನೆಯಲ್ಲಿ ಕಾಲು ನೀಡಿ ಕೂತಾಗ, "ಬೋಳುಗೈಯಲ್ಲಿ ಇದ್ದದ್ದು ಸಾಕು, ಕೊಡು" ಎಂದು ಹಲಗೆ ಬಿಚ್ಚಿದಳು. ಬಳೆ ತೊಡಿಸಲು ಹೆಬ್ಬೆರಳನ್ನು ಒಳಕ್ಕೆ ಮಡಚಿ ಕೈಯನ್ನು ಸಣ್ಣದು ಮಾಡಬೇಕಲ್ಲ. ನೇತ್ರಾ ಮೆಲ್ಲಗೆ ಒತ್ತಿದಳು. ಕೈ ಮಡಚಲಿಲ್ಲ. ಮತ್ತೆ ಒತ್ತಿದಳು.

"ಸಡಿಲ ಬಿಡೇ ಕೈ."

"ಸಡಿಲವಾಗೇ ಇದೆ."

"ಇದಾ ಸಡಿಲ? ಅಕ್ಕ, ಮುಷ್ಟಿ ಕಟ್ಟು ನೋಡುವ."

ತನುಜಾ ಕಟ್ಟಲು ನೋಡಿದಳು. ಹಣೆಯಲ್ಲಿ ಗೆರೆ ಮೂಡಿತು, ತುಟಿ ಬಿಗಿಯಿತು, ಮುಂಗೈಯ ನರ ಎದ್ದಿತು. ಬೆರಳುಗಳು ಗಂಟಿನಲ್ಲಿ ಒಂಚೂರು ಬಾಗಿ ಅಲ್ಲೇ ನಿಂತವು. ಕಿರುಬೆರಳು ಅಷ್ಟೂ ಬಾಗಲಿಲ್ಲ. ಮರದಲ್ಲಿ ಕೆತ್ತಿದ ಕೈಯ ಹಾಗೆ ಅದು ಗಾಳಿಯಲ್ಲಿ ನಿಂತೇ ಇತ್ತು.

ನೇತ್ರಾ ಬಳೆಗಳನ್ನು ಕೆಳಗಿಟ್ಟಳು. ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಪ್ರಮೋದನನ್ನು ನೋಡಿದಳು. "ಭಾವ, ಎಷ್ಟು ಸಲ ಕರ್ಕೊಂಡು ಹೋಗಿದ್ರಿ ಸಿರ್ಸಿಗೆ?"

ಅವನು ಚೊಂಬು ಕೆಳಗಿಟ್ಟ.

ಮಾರನೇ ದಿನ ಮೊದಲ ಬಸ್ಸಿಗೆ ಮೂವರೂ ಹೊರಟರು. ದಾರಿಯುದ್ದಕ್ಕೂ ಪ್ರಮೋದ ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದರಲ್ಲಿ ಮುಷ್ಟಿ ಕಟ್ಟಿ ಬಿಟ್ಟು, ಕಟ್ಟಿ ಬಿಟ್ಟು ನೋಡುತ್ತಿದ್ದ. ಎಷ್ಟು ಸಲೀಸು! ಇಷ್ಟು ವರ್ಷ ಇದೊಂದು ಕೆಲಸ ಎಂದೇ ಅವನು ತಿಳಿದಿರಲಿಲ್ಲ.

ಫಿಜಿಯೋಥೆರಪಿಯ ಶ್ರೀವಾಣಿ ಮೂವತ್ತು ದಾಟದ ಹೆಂಗಸು, ಗಟ್ಟಿ ಗಂಟಲು. ತನುಜಾಳ ಕೈಯನ್ನು ತಿರುಗಿಸಿ, ಒಂದೊಂದೇ ಗಂಟು ಒತ್ತಿ ನೋಡಿ, "ಚರ್ಮ ಎಷ್ಟು ಚೆಂದ ಹಿಡಿದಿದೆ," ಅಂದಳು. ಪ್ರಮೋದನಿಗೆ ಜೀವ ಬಂತು. "ಆದರೆ ಒಳಗಿನ ಗಂಟುಗಳು ಬಿಗಿದು ಕೂತಿವೆ. ಇದನ್ನ ಇಷ್ಟು ದಿನ ಯಾರು ಕಟ್ಟಿ ಇಟ್ಟಿದ್ದು?"

"ನೋವು ಅಂತ ನಾನೇ..." ತನುಜಾ ಶುರು ಮಾಡಿದಳು.

"ನಾನು," ಎಂದ ಪ್ರಮೋದ. "ಹಿಡಿಯೋವರೆಗೆ ಅಲ್ಲಾಡಿಸಬಾರದು ಅಂತ."

"ಹಿಡಿದಿದೆ ಅಂತ ಹುಬ್ಬಳ್ಳಿಯಲ್ಲೇ ಹೇಳಿದ್ರಲ್ಲ?"

"ಹೇಳಿದ್ರು."

"ಮತ್ತೆ?"

ಮತ್ತೆ ಏನು ಎಂದು ಹೇಳುವುದು? ಹಿಡಿದ ಮೇಲೂ ಗಿಡವನ್ನು ಕೆಲವು ತಿಂಗಳು ಜಾಗ ಬದಲಿಸಬಾರದು, ಪಟ್ಟಿ ಬಿಚ್ಚಲು ಆತುರ ಪಡಬಾರದು, ಬೆಕ್ಕು ಕೂಡ ಸುಳಿಯಬಾರದು. ಅದನ್ನು ಈ ಬಿಳಿ ಗೋಡೆಯ ಕೋಣೆಯಲ್ಲಿ ಹೇಳಲು ಹೋದರೆ ಬಾಯಿಯೊಳಗೇ ಹಾಸ್ಯಾಸ್ಪದವಾಗುತ್ತಿತ್ತು.

"ನೋಡಿ," ಶ್ರೀವಾಣಿ ಸ್ವರ ಇಳಿಸಿದಳು. "ಒಂದು ತಿಂಗಳು ಪ್ರಯತ್ನ ಮಾಡುವ. ದಿನಕ್ಕೆ ನಾಲ್ಕೈದು ಸಲ ಬಗ್ಗಿಸಲೇಬೇಕು, ಅಳು ಬಂದರೂ. ಬಗ್ಗಿದರೆ ಸರಿ. ಇಲ್ಲ ಅಂದ್ರೆ ಮತ್ತೆ ಆಪರೇಶನ್. ಅದರಿಂದಲೂ ಪೂರ್ತಿ ಬರ್ತದೆ ಅಂತ ಹೇಳ್ಲಿಕ್ಕೆ ಆಗೋದಿಲ್ಲ. ಈ ಕೈ ಹೀಗೇ ಉಳಿದುಬಿಡಬಹುದು."

ಹೀಗೇ. ಆ ಮಾತನ್ನು ಹಿಡಿದುಕೊಂಡು ಪ್ರಮೋದ ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನವರೆಗೂ ಬಂದ. ತನುಜಾ ಔಷಧಿ ಅಂಗಡಿಯ ನೆರಳಿನಲ್ಲಿ ಕೂತಿದ್ದಳು. ನೇತ್ರಾ ಮೂರು ಸೋಡಾ ತಂದಳು. ಅವನು ಬಾಟಲಿ ಮುಟ್ಟಲಿಲ್ಲ.

"ಎರಡೂ ಒಂದೇ ಅಂತ ನೀನೇ ಹೇಳಿದ್ದು," ಎಂದ ಕೊನೆಗೆ. ಸಿಟ್ಟು ಮಾಡಲು ಹೊರಟ ಸ್ವರ ನಡುವೆಯೇ ಸೋತಿತು.

"ಹೇಳಿದ್ದೆ." ನೇತ್ರಾ ಅವನ ಪಕ್ಕ ಕೂತಳು. "ನಿಮ್ಮ ಕಾಲು ನಡುಗೋದು ನಿಲ್ಲಲಿ ಅಂತ ಹೇಳಿದ್ದು ಭಾವ. ನಾನು ಹೇಳಿದ್ದು ಹೆಸರಿನ ಕತೆ. ಕೈಯ ಕತೆ ಅಲ್ಲ."

"ಹೆಸರು ಒಂದೇ ಆದ್ರೆ ಒಳಗೆ ಎಂತಾದ್ರೂ ಒಂದೇ ಇರಬೇಕಲ್ಲ. ಸುಮ್ನೆ ಇಡ್ತಾರಾ?"

"ಸುಮ್ನೆ ಅಲ್ಲ. ಆದ್ರೆ ಆ ಹೆಸರು ಇಟ್ಟವನು ನೋಡಿದ್ದು ಕಡ್ಡಿಯ ಮೂತಿ ಅಷ್ಟೇ. ಪೆನ್ನಿನ ಹಾಗೆ ಕಾಣ್ತು, ಪೆನ್ನು ಅಂದ. ಹಾಗಂತ ನಿಮ್ಮ ಮಾವಿನ ಕಡ್ಡಿ ಅಕ್ಷರ ಬರೆದದ್ದಿದ್ಯಾ? ಆಮೇಲಿನವನು ಹಿಡಿಸೋದನ್ನ ನೋಡಿದ, ಅಷ್ಟನ್ನೇ ಚರ್ಮಕ್ಕೆ ತಂದ. ನೀರು ಹಾಕೋದು, ನೆರಳು ಮಾಡೋದು, ಅಲ್ಲಾಡಿಸದೆ ಇಡೋದು, ಇದನ್ನೆಲ್ಲ ಶಬ್ದ ಹೊತ್ತುಕೊಂಡು ಬರಲಿಲ್ಲ. ನೀವು ಹೊರಿಸಿದ್ರಿ." ತನ್ನ ಬಾಟಲಿ ಪಕ್ಕಕ್ಕಿಟ್ಟು ಹೇಳಿದಳು, "ಒಂದೇ ಅಂದು ನಾನು ಫೋನು ನೋಡ್ತಾ ಕೂತೆ. ನಂದೂ ತಪ್ಪು ಉಂಟು ಇದರಲ್ಲಿ."

ಪ್ರಮೋದ ಎದುರಿನ ಅಶೋಕ ಮರ ನೋಡಿದ. ಗಿಡವೆಂದರೆ ನಿಂತೇ ಬದುಕುವ ಜೀವ. ನೆಟ್ಟಲ್ಲಿ ಹುಟ್ಟಿ ನೆಟ್ಟಲ್ಲೇ ಸಾಯುತ್ತದೆ. ಅದನ್ನು ಅಲ್ಲಾಡಿಸಬಾರದು ಎನ್ನುವುದು ಸರಿಯೇ. ಕೈ ಹಾಗಲ್ಲವಲ್ಲ. ಮಗು ಹೊಟ್ಟೆಯೊಳಗಿದ್ದಾಗಲೇ ಕೈ ಆಡಿಸುತ್ತದೆ. ಇಷ್ಟು ಸಣ್ಣದನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ. ಅಬ್ಬೆ ಬಾಗಿಲಲ್ಲಿ ಕೂತೇ ಹೇಳಿದ್ದಳು.

ಮನೆಗೆ ಬಂದ ಸಂಜೆಯೇ ಶುರು ಮಾಡಿದರು. ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ತೆಂಗಿನೆಣ್ಣೆ ಹಚ್ಚಿ, ಒಂದೊಂದು ಬೆರಳನ್ನೂ ಗಂಟಿನಿಂದ ಬಗ್ಗಿಸಬೇಕು. ಕಸಿ ಚಾಕು ಹಿಡಿದರೆ ಒಂದೇ ಏಟಿಗೆ ಕೆತ್ತುವ ಪ್ರಮೋದ ಈಗ ಅಳೆದು ಅಳೆದು ಒತ್ತಿದ. ಬಗ್ಗಿಸುತ್ತಿದ್ದ ಹಾಗೇ ಗುಲಾಬಿ ಚರ್ಮ ಬಿಗಿದು ಬೆಳ್ಳಗಾಗುತ್ತಿತ್ತು. ಆ ಬಿಳಿ ಕಂಡೊಡನೆ ಅವನು ಬಿಟ್ಟುಬಿಡುತ್ತಿದ್ದ.

"ಹಿಡೀರಿ ಗಟ್ಟಿ! ಅರ್ಧ ಮಾಡಿ ಬಿಟ್ರೆ ನನಗೆ ಎರಡೆರಡು ಸಲ ನೋವು."

"ಹರಿದ್ರೆ?"

"ಹರೀಲಿ. ಮರದ ಕೈ ಇಟ್ಟುಕೊಂಡು ಎಂತ ಮಾಡ್ಲಿ ನಾನು?"

ಮೂರನೆಯ ದಿನ ಬೆಳಿಗ್ಗೆ ಅದೂ ಆಯಿತು. ಉಂಗುರ ಬೆರಳಿನ ಗಂಟಿನ ಮೇಲೆ ಚರ್ಮ ಸಣ್ಣಗೆ ಬಿರಿದು ಒಂದು ಹನಿ ರಕ್ತ ಮೂಡಿತು. ಪ್ರಮೋದ ಅವಳ ಕೈಯನ್ನು ಬಿಸಿ ಕೆಂಡದ ಹಾಗೆ ಬಿಟ್ಟ. ಫೋನಿನಲ್ಲಿ ಫೋಟೋ ತೆಗೆದು, ಚಪ್ಪಲಿ ಕೂಡ ಹಾಕದೆ, ನೆಟ್‌ವರ್ಕ್ ಸಿಗುವ ಮೇಲಿನ ರಸ್ತೆಯ ತಿರುವಿಗೆ ಓಡಿದ. ಶ್ರೀವಾಣಿಗೆ ಫೋಟೋ ಹೋಯಿತು. ಅವಳು ನೋಡಿದ ಗುರುತು ಬೀಳಲಿಲ್ಲ. ಅವನು ತಿರುವಿನಿಂದ ಮೋರಿಗೆ, ಮೋರಿಯಿಂದ ತಿರುವಿಗೆ ಓಡಾಡಿದ. ಹಾಲಿನ ಡೇರಿಗೆ ಹೋಗುವವರು ಏನಾಯಿತು ಎಂದು ಕೇಳಿದರೆ ಏನಿಲ್ಲ ಎಂದ. ಮುಗಿಯಿತು. ಹಿಡಿದಿದ್ದೂ ಹೋಯಿತು. ಕಟ್ಟಿಟ್ಟೂ ಕೆಡಿಸಿದೆ, ಬಿಚ್ಚಿಯೂ ಕೆಡಿಸಿದೆ.

ಕಡೆಗೆ ಫೋನೇ ಬಂತು. "ಅಷ್ಟಕ್ಕೆ ಹೆದರ್ಬೇಡಿ. ಹೊಸ ಚರ್ಮ ಒಣಗಿದ್ರೆ ಹಾಗೆ ಬಿರೀತದೆ. ತೊಳೆದು ಮುಲಾಮು ಹಚ್ಚಿ. ನಾಳೆ ತೋರಿಸಿ. ಆದ್ರೆ ಬಗ್ಗಿಸೋದು ನಿಲ್ಲಿಸಬೇಡಿ, ಬೇರೆ ಬೆರಳು ಮಾಡ್ತಾ ಇರಿ. ಕೇಳಿಸ್ತಾ? ನಿಲ್ಲಿಸಬೇಡಿ."

ಅವನು ಬಿರಬಿರನೆ ಇಳಿದು ಬರುವಷ್ಟರಲ್ಲಿ ಮನೆಯೊಳಗಿಂದ ತನುಜಾಳ ಕೂಗು ಕೇಳುತ್ತಿತ್ತು. ಜಗಲಿ ದಾಟಿ ನೋಡಿದರೆ ಚೌಡಮ್ಮ ಸೊಸೆಯ ಮುಂಗೈಯನ್ನು ತನ್ನ ಎರಡು ಮೊಣಕಾಲಿನ ಸಂದಿಯಲ್ಲಿ ಇಟ್ಟುಕೊಂಡು, ಬಾಯಿಯಲ್ಲಿ ಎಲೆ ಅಡಿಕೆ ಹಾಗೇ ಇಟ್ಟುಕೊಂಡು, ನಡುಬೆರಳನ್ನು ಬಗ್ಗಿಸುತ್ತಿದ್ದಳು. ತನುಜಾ ಅತ್ತೆಯ ಹೆಗಲಿಗೆ ಹಣೆ ಒತ್ತಿಕೊಂಡು ಕೂಗುತ್ತಿದ್ದಳು.

"ಅಬ್ಬೆ, ನಿಧಾನ—"

"ನೀನು ಹೊರಗೆ ನಡೆ," ಎಂದಳು ಚೌಡಮ್ಮ, ತಲೆ ಎತ್ತದೆ. "ನಿನ್ನ ಮುಖ ಕಂಡ್ರೆ ಇವಳಿಗೆ ಇಲ್ಲದ ಹೆದರಿಕೆ ಬರ್ತದೆ. ಹೋಗಿ ಗಿಡ ನೋಡು."

ಅವನು ಹೆಂಡತಿಯ ಮುಖ ನೋಡಿದ. ಅವಳು ಕಣ್ಣೊರೆಸಿಕೊಂಡು ತಲೆಯಲ್ಲೇ ಸನ್ನೆ ಮಾಡಿದಳು: ಹೋಗಿ.

ಅಂದಿನಿಂದ ಅದು ಅವರಿಬ್ಬರ ಕೆಲಸವಾಯಿತು. ಪ್ರಮೋದ ನೀರು ಕಾಯಿಸಿ ಇಡುತ್ತಿದ್ದ, ಎಣ್ಣೆ ಇಡುತ್ತಿದ್ದ, ಹೊರಗೆ ಹೋಗುತ್ತಿದ್ದ. ಚಪ್ಪರದಲ್ಲಿ ಕೂತು ಸಸಿಗಳ ಕಳೆ ಕೀಳುತ್ತಿದ್ದರೆ ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. ಕೂಗು, ಬೈಗುಳ, ಮತ್ತೆ ಕೂಗು. "ನಿಮ್ಮ ಮಗನ ಕೈ ಹೀಗೆ ಮುರೀಬೇಕು!" ಎಂದು ತನುಜಾ ಕೂಗಿದರೆ "ಮುರಿಯುವ, ಮೊದಲು ನಿಂದಾಗಲಿ" ಎಂದು ಚೌಡಮ್ಮ. ಕೂಗಿದ್ದಕ್ಕಿಂತ ಅವನಿಗೆ ಹೆಚ್ಚು ಹೆದರಿಕೆಯಾಗುತ್ತಿದ್ದದ್ದು ಸದ್ದು ನಿಂತಾಗ. ಎದ್ದು ಹೋಗಿ ಬಾಗಿಲ ಸಂದಿಯಲ್ಲಿ ನೋಡಬೇಕು ಅನಿಸುತ್ತಿತ್ತು. ಒಂದೆರಡು ಸಲ ಎದ್ದು ಅರ್ಧ ದಾರಿ ಹೋಗಿಯೂ ಇದ್ದ. ಮತ್ತೆ ಬಂದು ಕೂತ. ಬೆಳಿಗ್ಗೆ ಕೈ ಬಿಚ್ಚಿ ನೋಡುವುದನ್ನೂ ಬಿಟ್ಟ. ಬಿಟ್ಟ ಎಂದರೆ ಬಿಡುವುದು ಸುಲಭವಾಗಿತ್ತು ಎಂದಲ್ಲ. ಊಟಕ್ಕೆ ಕೂತಾಗ ಅವಳ ಬಲಗೈ ತಟ್ಟೆಯ ಹತ್ತಿರ ಬಂದರೆ ತನ್ನ ಅನ್ನ ಕಲಸುವುದು ಮರೆತು ಹೋಗುತ್ತಿತ್ತು.

ತಿಂಗಳು ತುಂಬಿದ ಮೇಲೆ ಶ್ರೀವಾಣಿಯ ಕೋಣೆಯಲ್ಲಿ ಮತ್ತೆ ಕೂತರು. ಈ ಸಲ ಪ್ರಮೋದ, ತನುಜಾ ಇಬ್ಬರೇ. ಹೊರಗೆ ಮಳೆ ಬಂದು ನಿಂತಿತ್ತು. ಶ್ರೀವಾಣಿ ತನ್ನ ಎರಡು ಬೆರಳನ್ನು ಜೋಡಿಸಿ ತನುಜಾಳ ಅಂಗೈಗೆ ಅಡ್ಡ ಇಟ್ಟು, "ಹಿಡಿಯಿರಿ" ಅಂದಳು.

ತೋರುಬೆರಳು ಬಾಗಿತು. ನಡುಬೆರಳು ಬಾಗಿ ಅಂಗೈ ಮುಟ್ಟಿತು. ಉಂಗುರ ಬೆರಳು ತಡವರಿಸಿ, ನಡುಗುತ್ತ, ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಶ್ರೀವಾಣಿ ತನ್ನ ಬೆರಳುಗಳನ್ನು ಎಳೆದು ನೋಡಿದಳು. ಎಳೆದರೂ ಬಿಡಿಸಿಕೊಳ್ಳಲು ಆಗಲಿಲ್ಲ. "ಅಬ್ಬಾ, ಇದು ಹಿಡಿತ!" ಎಂದು ನಕ್ಕಳು.

ಕಿರುಬೆರಳು ಮಾತ್ರ ಆಚೆ ನಿಂತಿತ್ತು. ಉಳಿದವು ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ, ನೆಟ್ಟಗೆ.

ಶ್ರೀವಾಣಿ ಅದನ್ನು ಬಹಳ ಹೊತ್ತು ಒತ್ತಿ, ತಿರುಗಿಸಿ, ಬುಡದ ಚರ್ಮವನ್ನು ಜಗ್ಗಿ ನೋಡಿದಳು. ಪ್ರಮೋದ ಅವಳ ಮುಖ ನೋಡುತ್ತಿದ್ದ. ಮೊದಲು ಕಪ್ಪಾಗಿದ್ದ ಜಾಗ ಅದೇ.

"ಇದಕ್ಕೆ ಹುಬ್ಬಳ್ಳಿಗೆ ಹೋಗಲೇಬೇಕು ಅನಿಸ್ತದೆ," ಎಂದಳು ಅವಳು. "ಇಲ್ಲಿ ಬಿಗಿ ಬಿಡಿಸಿ, ಸಣ್ಣದೊಂದು ಗ್ರಾಫ್ಟ್ ಹಾಕಬೇಕಾಗಬಹುದು. ಡಾಕ್ಟರು ನೋಡಿ ಹೇಳ್ತಾರೆ."

ಮತ್ತೆ ಆ ಶಬ್ದ. ಹಿಡಿಯುತ್ತದೆಯೇ ಎಂದು ಕೇಳಲು ಬಾಯಿ ತೆರೆದ ಪ್ರಮೋದ ಕೇಳಲಿಲ್ಲ. ಆ ಪ್ರಶ್ನೆಗೆ ಸಿಗುವ ಉತ್ತರ ಅವನಿಗೆ ಗೊತ್ತಿತ್ತು, ನೂರಕ್ಕೆ ಎಷ್ಟು ಎನ್ನುವುದೂ ಗೊತ್ತಿತ್ತು. ಅವನು ಕುರ್ಚಿಯಲ್ಲಿ ಮುಂದೆ ಸರಿದು ಕೂತ.

"ಮೇಡಂ, ಅದು ಆದ ಮೇಲೆ ಯಾವ ದಿನದಿಂದ ಅಲ್ಲಾಡಿಸಬೇಕು? ಎಷ್ಟು ಹೊತ್ತು? ಹಲಗೆ ಯಾವಾಗ ಕಟ್ಟೋದು, ಯಾವಾಗ ಬಿಚ್ಚೋದು? ಎಲ್ಲ ಬಿಡಿಸಿ ಹೇಳಿ. ನನಗೆ ಇದರಲ್ಲಿ ಎಂತದೂ ಗೊತ್ತಿಲ್ಲ."

ಶ್ರೀವಾಣಿ ಹೇಳಲು ಅವನ ಕಡೆ ತಿರುಗಿದಳು.

"ಅವರಿಗಲ್ಲ ಮೇಡಂ," ಎಂದಳು ತನುಜಾ. "ನನಗೆ ಹೇಳಿ. ಅವರು ಕೇಳಿಸಿಕೊಳ್ಳಲಿ."

ಶ್ರೀವಾಣಿ ಕುರ್ಚಿ ಆ ಕಡೆ ತಿರುಗಿಸಿಕೊಂಡು ಮೊದಲ ದಿನದಿಂದ ಹೇಳತೊಡಗಿದಳು. ಪ್ರಮೋದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನಡುವೆ ಒಂದು ಮಾತೂ ಆಡದೆ, ಕೊನೆಯವರೆಗೂ ಕೇಳಿದ.